ಗೃಹಮುದ್ರಿಕೆಯೂ ಒಂದು ಆವೃತ್ತಿ: ‘ವಾಲ್-ಈ’ಯ ನೆಪದಲ್ಲಿ ಕೆಲವು ವಿಚಾರಗಳು

ಸಿನಿಮಾವನ್ನು ಕುರಿತ ಸಂಪ್ರಬಂಧಗಳು ಇಂದು ಕನ್ನಡ ವಿಭಾಗಗಳಿಗೆ ಅಪರಿಚಿತವಲ್ಲ. ಆದರೆ ಈ ಸಂಪ್ರಬಂಧಗಳ ಆಕರಸೂಚಿಯನ್ನು ತೆರೆದು ನೋಡಿದರೆ ಒಂದು ವಿಚಿತ್ರ ಅಸಮತೋಲ ಕಣ್ಣಿಗೆ ಬೀಳುತ್ತದೆ. ಪಂಪನ ಒಂದು ಪದ್ಯವನ್ನು ಉದ್ಧರಿಸುವ ಸಂಶೋಧಕ ತಾನು ಬಳಸಿದ್ದು 1898ರ ರೈಸ್ ಆವೃತ್ತಿಯೋ ಸಾಹಿತ್ಯ ಪರಿಷತ್ತಿನ 1931ರ ಆವೃತ್ತಿಯೋ ಎಂಬುದನ್ನು ತಪ್ಪದೆ ನಮೂದಿಸುತ್ತಾನೆ. ಅದೇ ಸಂಶೋಧಕ ಚಲನಚಿತ್ರವೊಂದರ ದೃಶ್ಯವನ್ನು ವಿಶ್ಲೇಷಿಸುವಾಗ ಚಿತ್ರದ ಹೆಸರು, ನಿರ್ದೇಶಕನ ಹೆಸರು, ಬಿಡುಗಡೆಯ ವರ್ಷ ಇವಿಷ್ಟರಲ್ಲಿಯೇ ತೃಪ್ತನಾಗುತ್ತಾನೆ. ಅವನು ನೋಡಿದ್ದು ಚಿತ್ರಮಂದಿರದಲ್ಲೋ, ವಿಸಿಡಿಯಲ್ಲೋ, ಡಿವಿಡಿಯಲ್ಲೋ, ಅಂತರಜಾಲದ ಪ್ರಸಾರದಲ್ಲೋ ಎಂಬುದು ಓದುಗನಿಗೆ ತಿಳಿಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಇಂಥದೊಂದು ಸಂಪ್ರಬಂಧವನ್ನು ಪರಿಶೀಲಿಸುವಾಗ, ಅಭ್ಯರ್ಥಿಯು ಚಿತ್ರದ 69ನೆಯ ನಿಮಿಷದಲ್ಲಿದೆಯೆಂದು ಹೇಳಿದ್ದ ದೃಶ್ಯ ನನ್ನ ಬಳಿಯಿದ್ದ ಪ್ರತಿಯಲ್ಲಿ 72ನೆಯ ನಿಮಿಷದಲ್ಲಿ ಬಂತು. ಅಭ್ಯರ್ಥಿ ತಪ್ಪಿರಲಿಲ್ಲ, ನನ್ನ ಪ್ರತಿಯೂ ತಪ್ಪಿರಲಿಲ್ಲ. ಇಬ್ಬರೂ ಒಂದೇ ಚಿತ್ರದ ಎರಡು ಆವೃತ್ತಿಗಳನ್ನು ನೋಡಿದ್ದೆವು, ಅಷ್ಟೆ.

ಮನೆಯಲ್ಲಿ ನೋಡುವುದಕ್ಕಾಗಿ ಟೇಪು ಅಥವಾ ಡಿಸ್ಕಿನ ರೂಪದಲ್ಲಿ ಹೊರಬರುವ ಚಲನಚಿತ್ರದ ಪ್ರತಿಯನ್ನು ಇಲ್ಲಿ ‘ಗೃಹಮುದ್ರಿಕೆ’ ಎಂದು ಕರೆದಿದ್ದೇನೆ. ಇದಕ್ಕಿಂತ ಒಳ್ಳೆಯ ಪದ ದೊರೆತರೆ ಇದನ್ನು ಬಿಟ್ಟುಕೊಡಲು ನನ್ನ ಅಭ್ಯಂತರವಿಲ್ಲ. ಗೃಹಮುದ್ರಿಕೆಯನ್ನು ಸರಕೆಂದು ಅಳೆಯುವ ರೂಢಿಯನ್ನು ಬಿಟ್ಟು, ಗ್ರಂಥಸಂಪಾದನೆಯ ಶಿಸ್ತಿನಿಂದ ಅದನ್ನು ಒಂದು ಆವೃತ್ತಿಯೆಂದು ಪರೀಕ್ಷಿಸಬೇಕು ಎಂಬುದು ಪ್ರಸ್ತುತ ಲೇಖನದ ನಿಲುವು. ಇದಕ್ಕೆ ಉದಾಹರಣೆಯಾಗಿ ಗಂಭೀರ ಕಲಾಚಿತ್ರವೊಂದನ್ನು ಆಯ್ದುಕೊಳ್ಳದೆ, ಮಕ್ಕಳೂ ದೊಡ್ಡವರೂ ಒಟ್ಟಿಗೆ ಕುಳಿತು ನೋಡುವ ಅನಿಮೇಷನ್ ವ್ಯೋಮಸಾಹಸವೊಂದನ್ನು ಬೇಕೆಂದೇ ಆಯ್ದುಕೊಂಡಿದ್ದೇನೆ. ಆಂಡ್ರ್ಯೂ ಸ್ಟಾಂಟನ್ ನಿರ್ದೇಶಿಸಿ, ಪಿಕ್ಸಾರ್ ಸಂಸ್ಥೆ ನಿರ್ಮಿಸಿ, 2008ರ ಜೂನ್ 27ರಂದು ಅಮೆರಿಕದಲ್ಲಿ ತೆರೆಕಂಡ ‘ವಾಲ್-ಈ’ ಅದು. ಅದೇ ವರ್ಷದ ನವೆಂಬರ್ 18ರಂದು ಅದು ಡಿವಿಡಿ ಮತ್ತು ಬ್ಲೂ-ರೇ ರೂಪಗಳಲ್ಲಿ ಹೊರಬಂತು. 2022ರ ನವೆಂಬರಿನಲ್ಲಿ ಕ್ರೈಟೀರಿಯನ್ ಕಲೆಕ್ಷನ್ ಸಂಸ್ಥೆ ಅದನ್ನು ಮತ್ತೆ ಸಂಪಾದಿಸಿ ಪ್ರಕಟಿಸಿತು. ಒಂದೇ ಕೃತಿಗೆ ಹದಿನಾಲ್ಕು ವರ್ಷಗಳ ಅಂತರದಲ್ಲಿ ಎರಡು ಗಣ್ಯ ಆವೃತ್ತಿಗಳು ಇರುವುದರಿಂದ ತೌಲನಿಕ ಪರಿಶೀಲನೆಗೆ ಇಲ್ಲಿ ಅವಕಾಶವಿದೆ.

ಈ ಆಯ್ಕೆಗೆ ಇನ್ನೊಂದು ಕಾರಣವೂ ಉಂಟು. ‘ವಾಲ್-ಈ’ ಮೂಲತಃ ಗೃಹಮುದ್ರಿಕೆಯನ್ನೇ ಕುರಿತ ಚಿತ್ರ ಎಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಕಥೆ ನಡೆಯುವುದು 2805ರಲ್ಲಿ. ಮನುಷ್ಯರು ತಾವೇ ಸೃಷ್ಟಿಸಿದ ಕಸದಿಂದ ಭೂಮಿಯನ್ನು ವಾಸಕ್ಕೆ ಅಯೋಗ್ಯವಾಗಿಸಿ, ‘ಆಕ್ಸಿಯಮ್’ ಎಂಬ ಬೃಹನ್ನೌಕೆಯಲ್ಲಿ ಅಂತರಿಕ್ಷಕ್ಕೆ ಹೋಗಿ ಏಳು ಶತಮಾನಗಳಾಗಿವೆ. ಹಿಂದೆ ಉಳಿದದ್ದು ಕಸವನ್ನು ಘನಾಕಾರಕ್ಕೆ ಒತ್ತಿ ಪೇರಿಸುವ ಒಂದು ಪುಟ್ಟ ಯಂತ್ರ. ದಿನದ ಕೆಲಸ ಮುಗಿಸಿ ಗೂಡಿಗೆ ಹಿಂದಿರುಗಿದ ಮೇಲೆ ಅದು ಮಾಡುವ ಮೊದಲ ಕೆಲಸವೇನು? ಹಳೆಯ ವಿ.ಎಚ್.ಎಸ್. ಟೇಪೊಂದನ್ನು ಚಾಲೂ ಮಾಡಿ, ಅಂಗೈಯಗಲದ ಪರದೆಯೊಂದರ ಮುಂದೆ ಭೂತಗಾಜನ್ನಿಟ್ಟು ಹಿಗ್ಗಿಸಿಕೊಂಡು, ಜೀನ್ ಕೆಲಿ ನಿರ್ದೇಶಿಸಿದ 1969ರ ಸಂಗೀತಚಿತ್ರ ‘ಹಲೋ, ಡಾಲಿ!’ಯ ಆಯ್ದ ಎರಡು ಹಾಡುಗಳನ್ನು ಮತ್ತೆ ಮತ್ತೆ ನೋಡುವುದು. ಇಬ್ಬರು ಪ್ರೇಮಿಗಳು ಕೈಹಿಡಿಯುವ ಕ್ಷಣವನ್ನು ನೋಡಿ ತನ್ನ ಎರಡು ಲೋಹದ ಕೈಗಳನ್ನು ತಾನೇ ಜೋಡಿಸಿಕೊಳ್ಳುವುದು. ಮನುಷ್ಯರೇ ಇಲ್ಲದ ಭೂಮಿಯಲ್ಲಿ ಮನುಷ್ಯತ್ವದ ಪಾಠ ಆ ಯಂತ್ರಕ್ಕೆ ದೊರೆತದ್ದು ಒಂದು ಗೃಹಮುದ್ರಿಕೆಯಿಂದ.

ಇದು ಆರಂಭ ಮಾತ್ರ. ಈವ್ ಎಂಬ ಶೋಧಕಯಂತ್ರ ಗೂಡಿಗೆ ಬಂದಾಗ ಕುತೂಹಲದಿಂದ ಆ ಟೇಪನ್ನು ಎಳೆದು ಬಿಚ್ಚಿಹಾಕುತ್ತದೆ. ವಾಲ್-ಈ ಗಾಬರಿಯಿಂದ ಅದನ್ನು ಸುತ್ತಿ, ಇನ್ನೂ ಓಡುತ್ತದೆಯೇ ಎಂದು ಪರೀಕ್ಷಿಸುತ್ತದೆ. ಓಲೆಗರಿಯ ಕಟ್ಟೊಂದನ್ನು ಅಜಾಗರೂಕತೆಯಿಂದ ಬಿಚ್ಚಿದವರನ್ನು ಕಂಡ ಯಾವ ಸಂಶೋಧಕನಿಗೂ ಆ ಗಾಬರಿಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಮುಂದೆ ಈವ್‌ಳ ಮನಸ್ಸು ತಿರುಗುವುದೂ ಧ್ವನಿಮುದ್ರಣ-ಚಿತ್ರಮುದ್ರಣದಿಂದಲೇ. ತಾನು ನಿಶ್ಚೇಷ್ಟಿತಳಾಗಿದ್ದಾಗ ಮಳೆ ಮಿಂಚುಗಳಲ್ಲಿ ತನ್ನನ್ನು ಕಾಯ್ದವನು ಯಾರೆಂಬುದು ಅವಳಿಗೆ ತಿಳಿಯುವುದು ತನ್ನ ಸ್ಮೃತಿಕೋಶದಲ್ಲಿ ತಾನಾಗಿ ದಾಖಲಾಗಿದ್ದ ಚಿತ್ರಗಳನ್ನು ಮರಳಿ ನೋಡಿದಾಗ. ನೌಕೆಯ ಕಪ್ತಾನ ಮಣ್ಣು, ಬೇಸಾಯ, ಕುಣಿತ ಎಂದರೇನೆಂದು ಅರಿಯುವುದು ನೌಕೆಯ ದಾಖಲೆಗಳಿಂದ. ಭೂಮಿಗೆ ಹಿಂದಿರುಗಕೂಡದೆಂಬ ಗುಪ್ತಾಜ್ಞೆ ಹೊರಬೀಳುವುದು 2110ರಲ್ಲಿ ಮುದ್ರಿತವಾದ ಸಂದೇಶವೊಂದರಿಂದ. ಹೀಗೆ ಕಥೆಯ ಪ್ರತಿಯೊಂದು ತಿರುವಿನಲ್ಲಿಯೂ ಯಾರೋ ಹಿಂದೆ ಮುದ್ರಿಸಿಟ್ಟದ್ದನ್ನು ಯಾರೋ ಮುಂದೆ ನೋಡುತ್ತಾರೆ. ಕಾಂತೀಯ ಟೇಪು ಕೆಲವು ದಶಕಗಳಲ್ಲೇ ಕ್ಷಯಿಸತೊಡಗುವ ವಸ್ತು. ಅದು ಏಳುನೂರು ವರ್ಷ ಬಾಳುವುದು ಶುದ್ಧ ಕಲ್ಪನೆ. ಆದರೆ ಆ ಕಲ್ಪನೆಯ ಹಿಂದಿರುವ ಆಸೆ ಗ್ರಂಥಭಂಡಾರಗಳನ್ನು ಕಟ್ಟಿದವರೆಲ್ಲರ ಆಸೆಯೇ.

ಇಂಥ ಚಿತ್ರದ ಗೃಹಮುದ್ರಿಕೆಯನ್ನು ಹೇಗೆ ಬೆಲೆಗಟ್ಟಬೇಕು? ರೂಢಿಯಲ್ಲಿರುವ ವಿಮರ್ಶೆ ಮೂರು ಅಂಕಣಗಳನ್ನು ಹಾಕಿಕೊಳ್ಳುತ್ತದೆ: ಚಿತ್ರ ಎಷ್ಟು ಸ್ಫುಟ, ಧ್ವನಿ ಎಷ್ಟು ಗಾಢ, ‘ಹೆಚ್ಚುವರಿ’ಗಳು ಎಷ್ಟು ಗಂಟೆ. ಪ್ರತಿಯೊಂದಕ್ಕೂ ಒಂದಿಷ್ಟು ನಕ್ಷತ್ರಗಳನ್ನು ಅಂಟಿಸಿ ಮೊತ್ತ ಹೇಳುತ್ತದೆ. ಗ್ರಂಥವೊಂದರ ವಿಮರ್ಶೆಯಲ್ಲಿ ಕಾಗದದ ಹೊಳಪು, ಅಕ್ಷರದ ಗಾತ್ರ ಮತ್ತು ಅನುಬಂಧದ ಪುಟಸಂಖ್ಯೆಗಳನ್ನು ಮಾತ್ರ ಹೇಳಿ ನಿಲ್ಲಿಸಿದಂತೆ ಇದು. ಡಿ. ಎಲ್. ನರಸಿಂಹಾಚಾರ್ಯರೂ ಎಂ. ಎಂ. ಕಲಬುರ್ಗಿಯವರೂ ನಮಗೆ ಕಲಿಸಿಕೊಟ್ಟ ಪ್ರಶ್ನೆಗಳು ಬೇರೆ. ಮಾತೃಕೆ ಯಾವುದು? ಪಾಠ ಅದಕ್ಕೆ ಎಷ್ಟು ನಿಷ್ಠ? ಪಾಠಾಂತರಗಳನ್ನು ಹೇಗೆ ತೋರಿಸಿದೆ? ಯಾವುದು ಮೂಲ, ಯಾವುದು ಪ್ರಕ್ಷಿಪ್ತ? ಸಂಪಾದಕ ಎಲ್ಲಿ ಮಾತಾಡಬೇಕಿತ್ತು, ಎಲ್ಲಿ ಸುಮ್ಮನಿರಬೇಕಿತ್ತು? ಫ್ರೆಂಚ್ ವಿದ್ವಾಂಸ ಜೆರಾರ್ ಜೆನೆಟ್ 1987ರಲ್ಲಿ ಕೃತಿಯ ಸುತ್ತಣ ಮುನ್ನುಡಿ, ಶೀರ್ಷಿಕೆ, ಟಿಪ್ಪಣಿಗಳನ್ನು ಕೃತಿಯ ಹೊಸ್ತಿಲೆಂದು ಕರೆದು ಅವುಗಳ ಅಧ್ಯಯನಕ್ಕೆ ದಾರಿ ತೋರಿದ. ನಮ್ಮ ಸಂಪಾದಕರಿಗೆ ಈ ವಿಚಾರ ಹೊಸದಾಗಿರಲಾರದು. ಹೊಸದಾದುದು ಅದನ್ನು ಡಿಸ್ಕಿಗೆ ಅನ್ವಯಿಸುವುದು.

ಮೊದಲು ಪಾಠನಿಷ್ಠೆ. ‘ವಾಲ್-ಈ’ ಸುಮಾರು 98 ನಿಮಿಷಗಳ ಚಿತ್ರ. ಅದರ ಚೌಕಟ್ಟಿನ ಅಗಲ ಎತ್ತರಕ್ಕಿಂತ ಸುಮಾರು 2.39 ಪಟ್ಟು. ಈ ಅಗಲ ಆಲಂಕಾರಿಕವಲ್ಲ. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಅವರ ಸಲಹೆ ಪಡೆದು, ಎಪ್ಪತ್ತರ ದಶಕದ ವೈಜ್ಞಾನಿಕ ಚಿತ್ರಗಳಲ್ಲಿ ಬಳಕೆಯಾದ ಮಸೂರಗಳ ದೋಷಗಳನ್ನು ಕೂಡ ಗಣಕಯಂತ್ರದಲ್ಲಿ ಅನುಕರಿಸಿದ ಚಿತ್ರವಿದು. ಕಸದ ಗೋಪುರಗಳ ನಡುವೆ ಒಂದು ಚುಕ್ಕೆಯಂತೆ ಚಲಿಸುವ ನಾಯಕನ ಒಂಟಿತನವನ್ನು ಮಾತಿಲ್ಲದೆ ಹೇಳುವುದು ಈ ಅಗಲವೇ. ದೂರದರ್ಶನದ ಪರದೆಯ ಮೇಲೂ ಕೆಳಗೂ ಉಳಿಯುವ ಕಪ್ಪು ಪಟ್ಟಿಗಳ ಬಗ್ಗೆ ಗೊಣಗುವ ನೋಡುಗರಿದ್ದಾರೆ. ಆ ಪಟ್ಟಿಗಳನ್ನು ತುಂಬಲು ಚಿತ್ರದ ಎರಡು ಬದಿಗಳನ್ನು ಕತ್ತರಿಸುವುದೆಂದರೆ ಗರಿಯ ಅಂಚುಗಳನ್ನು ಕತ್ತರಿಸಿ ಪೆಟ್ಟಿಗೆಗೆ ಹೊಂದಿಸಿದಂತೆ. ಹಾಗೆ ಮಾಡಿದ ಪ್ರತಿಯನ್ನು ನಾವು ತ್ರುಟಿತವೆಂದೇ ಕರೆಯಬೇಕು. 2008ರ ಆವೃತ್ತಿ ಈ ಅಗಲವನ್ನು ಉಳಿಸಿಕೊಂಡಿದೆ.

ಕಾಲದ ವಿಷಯ ಇದಕ್ಕಿಂತ ಸೂಕ್ಷ್ಮ. ಚಲನಚಿತ್ರ ಕ್ಷಣಕ್ಕೆ 24 ಚೌಕಟ್ಟುಗಳ ವೇಗದಲ್ಲಿ ಓಡುತ್ತದೆ. ಪಾಲ್ ಪದ್ಧತಿಯ ಡಿವಿಡಿಗಳಲ್ಲಿ ಅದು ಸಾಮಾನ್ಯವಾಗಿ 25ರ ವೇಗದಲ್ಲಿ ಓಡುತ್ತದೆ. ಒಂದು ಚೌಕಟ್ಟಿನ ವ್ಯತ್ಯಾಸವೆಂದು ಉಪೇಕ್ಷಿಸುವಂತಿಲ್ಲ. 98 ನಿಮಿಷಗಳ ಚಿತ್ರ ಒಂದು ದೃಶ್ಯವೂ ಕಡಿತವಾಗದೆ 94 ನಿಮಿಷಗಳಾಗುತ್ತದೆ. ಪ್ರತ್ಯೇಕವಾಗಿ ಸರಿಪಡಿಸದಿದ್ದರೆ ಧ್ವನಿಯ ಶ್ರುತಿಯೂ ಅರ್ಧಸ್ವರಕ್ಕಿಂತ ತುಸು ಕಡಿಮೆಯಷ್ಟು ಏರುತ್ತದೆ. ಮೇಲೆ ಹೇಳಿದ ಸಂಪ್ರಬಂಧದ ಮೂರು ನಿಮಿಷಗಳ ಒಗಟಿಗೆ ಇದೇ ಉತ್ತರ. ಮಾತಿನ ಚಿತ್ರಗಳಲ್ಲಿ ಈ ಶ್ರುತಿಭೇದ ನಮ್ಮ ಕಿವಿಗೆ ತಟ್ಟದೆ ಹೋಗಬಹುದು. ‘ವಾಲ್-ಈ’ಯಲ್ಲಿಯಾದರೋ ಮೊದಲ ಅರ್ಧಗಂಟೆಯಲ್ಲಿ ಸಂಭಾಷಣೆ ಎನ್ನಬಹುದಾದದ್ದು ಅತ್ಯಲ್ಪ, ಪಾತ್ರ ನಿಂತಿರುವುದೇ ಧ್ವನಿಯ ಏರಿಳಿತದ ಮೇಲೆ. ಅಲ್ಲಿ ಶ್ರುತಿ ಬದಲಾದರೆ ಪಾಠವೇ ಬದಲಾದಂತೆ. ಹೀಗಿದ್ದೂ ಯಾವ ಡಿವಿಡಿಯ ಹೊದಿಕೆಯೂ ‘ಇದು ವೇಗ ಹೆಚ್ಚಿಸಿದ ಪಾಠ’ ಎಂದು ಹೇಳುವುದನ್ನು ನಾನು ಕಂಡಿಲ್ಲ. ಲಿಪಿಕಾರನಾದರೂ ತನ್ನ ಸ್ಖಾಲಿತ್ಯಗಳಿಗೆ ಕ್ಷಮೆ ಕೇಳಿ ಗರಿಯನ್ನು ಮುಗಿಸುತ್ತಿದ್ದ.

ಇನ್ನು ಪಾಠದ ಸುತ್ತಣ ಸಾಮಗ್ರಿ. 2008ರ ಆವೃತ್ತಿ ಇದರಲ್ಲಿ ಧಾರಾಳಿ. ಒಂದು ಡಿಸ್ಕಿನ ಸರಳ ಪ್ರತಿಯಿಂದ ಮೂರು ಡಿಸ್ಕುಗಳ ವಿಶೇಷ ಪ್ರತಿಯವರೆಗೆ ಹಲವು ರೂಪಗಳಲ್ಲಿ ಅದು ಬಂತು. ಇವುಗಳಲ್ಲಿ ನಿಜವಾದ ಸಂಪಾದಕೀಯ ಮೌಲ್ಯ ಉಳ್ಳವು, ನನ್ನ ದೃಷ್ಟಿಯಲ್ಲಿ, ಮೂರು.

ಬಿಟ್ಟುಹೋದ ದೃಶ್ಯಗಳು ಒಂದು. ಸಾಮಾನ್ಯವಾಗಿ ಇಂಥ ದೃಶ್ಯಗಳನ್ನು ಕುತೂಹಲಕ್ಕಾಗಿ ಸೇರಿಸುತ್ತಾರೆ. ಬಿಟ್ಟದ್ದೇ ಒಳ್ಳೆಯದಾಯಿತೆಂದು ಒಮ್ಮೆ ನೋಡಿ ಮರೆಯುತ್ತೇವೆ. ಇಲ್ಲಿ ಹಾಗಲ್ಲ. ನೌಕೆಯ ಕಸದ ಕೋಣೆಯ ಪ್ರಸಂಗ ಮೊದಲ ಕಲ್ಪನೆಯಲ್ಲಿ ತಲೆಕೆಳಗಾಗಿತ್ತು: ಗಾಯಗೊಳ್ಳುವವಳು ಈವ್, ದುರಸ್ತಿ ಮಾಡುವವನು ವಾಲ್-ಈ. ಈಗ ನಾವು ನೋಡುವ ಪಾಠದಲ್ಲಿ ಗಾಯಗೊಳ್ಳುವವನು ವಾಲ್-ಈ. ಒಂದೇ ಘಟನೆಯ ಎರಡು ಪಾಠಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ಅರ್ಥಭೇದ ಹೊಳೆಯುತ್ತದೆ. ಮೊದಲಿನದರಲ್ಲಿ ವಾಲ್-ಈ ತಾನು ಈಗಾಗಲೇ ಬಲ್ಲ ಸೇವೆಯನ್ನೇ ಇನ್ನೊಮ್ಮೆ ಮಾಡುತ್ತಾನೆ. ಕಥೆ ಮುಂದುವರಿಯುತ್ತದೆ, ಯಾರೂ ಬದಲಾಗುವುದಿಲ್ಲ. ಎರಡನೆಯದರಲ್ಲಿ ಆಜ್ಞಾಪಾಲನೆಯೊಂದನ್ನೇ ಅರಿತ ಈವ್ ತನಗೆ ವಹಿಸಿದ ಕೆಲಸವನ್ನು ಬದಿಗಿಟ್ಟು ಇನ್ನೊಬ್ಬನಿಗಾಗಿ ಮರುಗಬೇಕಾಗುತ್ತದೆ. ಪಾಠಾಂತರ ಕೃತಿಯ ಅರ್ಥವನ್ನು ಬೆಳಗಿಸಬೇಕು ಎಂದು ತರಗತಿಯಲ್ಲಿ ನಾವು ಹೇಳುತ್ತೇವಲ್ಲ, ಅದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆಯನ್ನು ವಿದ್ಯಾರ್ಥಿಗಳ ಮುಂದಿಡುವುದು ಕಷ್ಟ.

ಧ್ವನಿವಿನ್ಯಾಸಕ ಬೆನ್ ಬರ್ಟ್ ಅವರನ್ನು ಕುರಿತ ಸಾಕ್ಷ್ಯಚಿತ್ರ ಎರಡನೆಯದು. ವಾಲ್-ಈಯ ಓಡಾಟದ ಸದ್ದಿಗೆ ಕೈಯಿಂದ ತಿರುಗಿಸುವ ಹಳೆಯ ಜನರೇಟರ್, ಈವ್‌ಳ ಆಯುಧದ ಸದ್ದಿಗೆ ಉದ್ದನೆಯ ಸುರುಳಿ ಸ್ಪ್ರಿಂಗು. ಡಿಸ್ನಿ ಸಂಸ್ಥೆಯ ಹಿಂದಿನ ತಲೆಮಾರಿನ ಕುಶಲಿಗಳು ಸದ್ದು ಹುಟ್ಟಿಸಲು ರೂಪಿಸಿದ ಮರದ ಮತ್ತು ತಗಡಿನ ಉಪಕರಣಗಳ ಪ್ರದರ್ಶನವೂ ಇದರಲ್ಲಿದೆ. ಇದು ನಿಘಂಟಿನ ಕೆಲಸ. ಪ್ರತಿ ಧ್ವನಿಯ ವ್ಯುತ್ಪತ್ತಿ ಇಲ್ಲಿ ಸಿಗುತ್ತದೆ. ಅನುಕರಣಾವ್ಯಯಗಳಿಗೆ ವ್ಯಾಕರಣದಲ್ಲಿ ಸ್ಥಾನ ಕೊಟ್ಟು, ಗಿರ್ರನೆ, ಟಕ್ಕನೆ, ದಡಬಡ ಎಂಬ ರೂಪಗಳನ್ನು ವರ್ಗೀಕರಿಸುತ್ತ ಬಂದ ಭಾಷೆಯ ಅಧ್ಯಾಪಕರಾದ ನಮಗೆ ಈ ಭಾಗ ಎಲ್ಲರಿಗಿಂತ ಹೆಚ್ಚು ರುಚಿಸಬೇಕು. 2008ರ ಅಮೆರಿಕದ ಆವೃತ್ತಿ ಇಂಗ್ಲಿಷಿನ ಜೊತೆಗೆ ಫ್ರೆಂಚ್ ಮತ್ತು ಸ್ಪ್ಯಾನಿಷ್ ಭಾಷೆಗಳನ್ನು ಒಳಗೊಂಡಿದೆ. ಕನ್ನಡದ ಅಡಿಬರಹ ಬರೆಯುವ ಅವಕಾಶ ಯಾರಿಗಾದರೂ ದೊರೆತರೆ, ಅವರ ನಿಜವಾದ ಸವಾಲು ಇರುವುದು ಕೆಲವೇ ಸಂಭಾಷಣೆಗಳಲ್ಲಲ್ಲ. ಕಿವಿ ಕೇಳದವರಿಗಾಗಿ ಈ ಸದ್ದುಗಳಿಗೆ ಮಾತು ಹುಡುಕುವುದರಲ್ಲಿ. ಆ ಕೆಲಸಕ್ಕೆ ಕನ್ನಡದಲ್ಲಿ ಪದಗಳ ಕೊರತೆಯಾಗದು.

ಮೂರನೆಯದು ‘ಬರ್ನ್-ಈ’ ಎಂಬ ಎಂಟು ನಿಮಿಷಕ್ಕೂ ಕಡಿಮೆ ಅವಧಿಯ ಕಿರುಚಿತ್ರ. ಆಂಗಸ್ ಮ್ಯಾಕ್ಲೇನ್ ನಿರ್ದೇಶನದ ಇದು ಮೊದಲು ಜನರ ಮುಂದೆ ಬಂದದ್ದೇ ಈ ಗೃಹಮುದ್ರಿಕೆಯೊಂದಿಗೆ. ಮೂಲಚಿತ್ರದಲ್ಲಿ ವಾಲ್-ಈ ಮತ್ತು ಈವ್ ನೌಕೆಯೊಳಕ್ಕೆ ನುಗ್ಗಿದಾಗ ಹೊರಗೆ ಬೆಸುಗೆ ಹಾಕುತ್ತಿದ್ದ ಯಂತ್ರವೊಂದರ ಎದುರಿಗೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೆಲವೇ ಕ್ಷಣಗಳ ಹಾಸ್ಯ. ನಾವು ನಕ್ಕು ಮುಂದೆ ಹೋಗುತ್ತೇವೆ. ಕಿರುಚಿತ್ರ ಆ ಮುಚ್ಚಿದ ಬಾಗಿಲಿನ ಹೊರಗೆ ಉಳಿಯುತ್ತದೆ. ಶನಿಗ್ರಹದ ಬಳೆಗಳನ್ನು ಹಾದುಬರುವಾಗ ವಾಲ್-ಈ ಆಟಕ್ಕೆಂದು ಎಸೆದ ಕಲ್ಲೊಂದು ನೌಕೆಯ ದೀಪವನ್ನು ಒಡೆದಿದೆ. ಅದನ್ನು ಬದಲಿಸಲು ಬಂದ ಕೂಲಿಯಂತ್ರ ಬರ್ನ್-ಈ. ಒಳಗೆ ಮಹಾಕಥನ ನಡೆಯುತ್ತಿದೆ: ಪ್ರೇಮ, ದಂಗೆ, ಮನುಷ್ಯಕುಲದ ಪುನರಾಗಮನ. ಅದರ ಒಂದೊಂದು ಏಟೂ ಹೊರಗಿದ್ದವನ ಕೆಲಸವನ್ನು ಕೆಡಿಸುತ್ತದೆ. ದೀಪ ಮತ್ತೆ ಕೈತಪ್ಪುತ್ತದೆ, ಮತ್ತೆ ಒಡೆಯುತ್ತದೆ. ಕೊನೆಗೂ ಅದು ಉಳಿಯುವುದಿಲ್ಲ. ನಾಯಕರ ಸಾಹಸಕ್ಕೆ ಬೆಲೆ ತೆರುವವರು ಕಥೆಯ ಅಂಚಿನಲ್ಲಿ ಕೆಲಸ ಮಾಡುತ್ತಿರುವವರು ಎಂಬ ಮಾತನ್ನು ಮೂಲಚಿತ್ರ ಹೇಳಿರಲಿಲ್ಲ. ಹೇಳುವ ಇಚ್ಛೆಯೂ ಅದಕ್ಕಿರಲಿಲ್ಲ. ಈ ಕಿರುಚಿತ್ರ ಅದನ್ನು ಹೇಳುತ್ತದೆ, ನಗಿಸುತ್ತಲೇ ಹೇಳುತ್ತದೆ. ಇದು ಪ್ರಕ್ಷಿಪ್ತವೇ? ಮೂಲದ ರಚನಾಕಾರರ ನಡುವೆಯೇ, ಮೂಲದ ಘಟನೆಗಳಿಗೆ ಕ್ಷಣಕ್ಷಣಕ್ಕೂ ಹೊಂದುವಂತೆ ಹುಟ್ಟಿದ ಇದನ್ನು ಪ್ರಕ್ಷಿಪ್ತವೆನ್ನಲಾಗದು. ಮೂಲದ ಪಾಠದೊಳಗೆ ಇದಕ್ಕೆ ಜಾಗವಿಲ್ಲವಾದ್ದರಿಂದ ಮೂಲವೆನ್ನಲೂ ಆಗದು. ಉಪಾಖ್ಯಾನವೆಂಬ ನಮ್ಮ ಹಳೆಯ ಮಾತೇ ಸರಿಹೊಂದೀತು. ಗೃಹಮುದ್ರಿಕೆ ಎಂಬ ಮಾಧ್ಯಮ ಇಲ್ಲದಿದ್ದರೆ ಇಂಥದೊಂದು ಉಪಾಖ್ಯಾನಕ್ಕೆ ನೆಲೆಯೇ ಇರುತ್ತಿರಲಿಲ್ಲವೇನೋ.

ಹೊಗಳಿದ ಮೇಲೆ ಆಕ್ಷೇಪವನ್ನೂ ಹೇಳಬೇಕು. ಇದೇ ಆವೃತ್ತಿಯ ದೊಡ್ಡ ರೂಪಗಳಲ್ಲಿ ಲೆಸ್ಲಿ ಐವರ್ಕ್ಸ್ ಅವರ ‘ದಿ ಪಿಕ್ಸಾರ್ ಸ್ಟೋರಿ’ ಎಂಬ 2007ರ ಪೂರ್ಣಾವಧಿ ಸಾಕ್ಷ್ಯಚಿತ್ರವೂ ಸೇರಿದೆ. ಸ್ವತಂತ್ರ ಕೃತಿಯಾಗಿ ಅದು ನೋಡತಕ್ಕದ್ದು. ಆದರೆ ‘ವಾಲ್-ಈ’ಯ ಪಾಠಕ್ಕೂ ಅದಕ್ಕೂ ಏನು ಸಂಬಂಧ? ಕಾವ್ಯವೊಂದನ್ನು ಸಂಪಾದಿಸಿ ಅದರ ಬೆನ್ನಿಗೆ ಮುದ್ರಣಾಲಯದ ಇತಿಹಾಸವನ್ನು ಕಟ್ಟಿದಂತೆ ಇದೆ. ಸಂಸ್ಥೆಯ ಯಶೋಗಾಥೆ ಕೃತಿಯ ಟೀಕೆಯ ವೇಷದಲ್ಲಿ ಬಂದಾಗ ಓದುಗ ಎಚ್ಚರವಾಗಿರಬೇಕು. ಇಲ್ಲಿ ಆ ಎಚ್ಚರ ಇನ್ನೂ ಹೆಚ್ಚು ಬೇಕು. ಏಕೆಂದರೆ ‘ವಾಲ್-ಈ’ಯ ಲೋಕವನ್ನು ಹಾಳುಮಾಡಿದ್ದು ಕೊಳ್ಳುವುದೇ ಬದುಕೆಂದು ಕಲಿಸಿದ ಒಂದು ಮಹಾಮಳಿಗೆ, ‘ಬೈ ಎನ್ ಲಾರ್ಜ್’ ಎಂಬ ಕಲ್ಪಿತ ಸಂಸ್ಥೆ. ಆ ಸಂಸ್ಥೆಯ ಪ್ರಚಾರಚಿತ್ರಗಳೆಂಬಂತೆ ಅಣಕಿಸಿ ರಚಿಸಿದ ತುಣುಕುಗಳೂ ಈ ಡಿಸ್ಕಿನಲ್ಲಿವೆ. ಅದೇ ಪೆಟ್ಟಿಗೆಯಲ್ಲಿ ನಿಜವಾದ ಸಂಸ್ಥೆಯ ಸ್ವಪ್ರಶಂಸೆಯೂ ಇದೆ. ಎರಡನ್ನೂ ಒಟ್ಟಿಗೆ ಇಟ್ಟವರಿಗೆ ಇದರ ವ್ಯಂಗ್ಯ ಹೊಳೆಯಿತೋ ಇಲ್ಲವೋ. ಚಿತ್ರದಲ್ಲಿ ವಾಲ್-ಈ ವಜ್ರದುಂಗುರದ ಡಬ್ಬಿಯನ್ನು ಹಿಡಿದು, ಉಂಗುರವನ್ನು ಎಸೆದು, ಫಟ್ಟನೆ ಮುಚ್ಚಿಕೊಳ್ಳುವ ಡಬ್ಬಿಯನ್ನು ಇಟ್ಟುಕೊಳ್ಳುತ್ತಾನೆ. ಅವನ ಮಟ್ಟಿಗೆ ಅದು ಮುಗ್ಧತೆ. ಆವೃತ್ತಿಗಳನ್ನು ಕೊಳ್ಳುವ ನಾವು ಅದನ್ನೇ ಮಾಡಿದರೆ ಅದಕ್ಕೆ ಬೇರೆ ಹೆಸರು.

2022ರ ಕ್ರೈಟೀರಿಯನ್ ಆವೃತ್ತಿ ಆ ಸಂಗ್ರಹದಲ್ಲಿ ಸೇರಿದ ಮೊದಲ ಪಿಕ್ಸಾರ್ ಚಿತ್ರ. ನಿರ್ದೇಶಕ ಸ್ಟಾಂಟನ್ ಅವರೇ ಒಪ್ಪಿದ 4ಕೆ ಪಾಠ, ಹಿಂದಿನ ಆವೃತ್ತಿಯ ವ್ಯಾಖ್ಯಾನಗಳು, ಅವುಗಳ ಜೊತೆಗೆ ಪಿಕ್ಸಾರಿನ ದಾಖಲೆಭಂಡಾರದ ಪರಿಚಯ ಇದರಲ್ಲಿವೆ. ಆಯ್ಕೆಯ ಶಿಸ್ತಿನಲ್ಲಿ ಇದು ಹಿಂದಿನದಕ್ಕಿಂತ ಮೇಲು: ಇಲ್ಲಿ ಸಾಮಗ್ರಿ ಕೃತಿಯ ಕಡೆಗೆ ಮುಖ ಮಾಡಿದೆ. ಆದರೂ ‘ನಿರ್ದೇಶಕರು ಒಪ್ಪಿದ ಪಾಠ’ ಎಂಬ ಮುದ್ರೆಯ ಮುಂದೆ ಕೈಮುಗಿದು ನಿಂತುಬಿಡುವುದು ಸಂಶೋಧಕನಿಗೆ ತಕ್ಕುದಲ್ಲ. ಗೆರೆಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಮೂಲದಲ್ಲಿ ಇಲ್ಲದ ವಿವರ ಹುಟ್ಟುವುದಿಲ್ಲ. ಬೆಳಕಿನ ವ್ಯಾಪ್ತಿಯನ್ನು ಹಿಗ್ಗಿಸಿದ ಹೊಸ ಪದ್ಧತಿಯಲ್ಲಿ ಬಿಸಿಲು ಹೆಚ್ಚು ಪ್ರಖರವಾಗಿ, ನೆರಳು ಹೆಚ್ಚು ಗಾಢವಾಗಿ ಕಾಣುತ್ತದೆ, ಕಣ್ಣಿಗೆ ಹಿತವೇ. ಆದರೆ 2008ರಲ್ಲಿ ಚಿತ್ರಮಂದಿರದಲ್ಲಿ ಕುಳಿತ ಪ್ರೇಕ್ಷಕ ಕಂಡದ್ದು ಅದಲ್ಲ. ಕವಿಯೇ ವರ್ಷಗಳ ಮೇಲೆ ತಿದ್ದಿದ ಎರಡನೆಯ ಮುದ್ರಣಕ್ಕೆ ಇರುವ ಅಧಿಕಾರವನ್ನು ಯಾರೂ ಅಲ್ಲಗಳೆಯರು. ಅದು ಮೊದಲ ಮುದ್ರಣದ ಅಗತ್ಯವನ್ನು ತೊಡೆದುಹಾಕುವುದಿಲ್ಲ. ಕೃತಿಯ ಸ್ವಾಗತದ ಚರಿತ್ರೆಯನ್ನು ಬರೆಯುವವರಿಗೆ 2008ರ ಪಾಠ ಬೇಕು. ಸ್ಟಾಂಟನ್ ಅವರ ಪ್ರೌಢ ಆಶಯವನ್ನು ಅರಸುವವರಿಗೆ 2022ರದು. ಒಂದೇ ಆಯ್ಕೆಯೆಂದರೆ, ತರಗತಿಗೆ ನಾನು ಹಳೆಯದನ್ನು ಒಯ್ಯುತ್ತೇನೆ, ಮನೆಯಲ್ಲಿ ಹೊಸದನ್ನು ನೋಡುತ್ತೇನೆ. ಈ ಆಯ್ಕೆಗೂ ಒಂದು ಅಡ್ಡಿಯಿದೆ ಎನ್ನಿ. ಬ್ಲೂ-ರೇ ಡಿಸ್ಕುಗಳ ಪ್ರಾದೇಶಿಕ ವಿಭಜನೆಯಲ್ಲಿ ಅಮೆರಿಕ ‘ಎ’ ವಲಯ, ಭಾರತ ‘ಸಿ’ ವಲಯ. ಅಲ್ಲಿಗೆ ಬೀಗ ಹಾಕಿದ ಡಿಸ್ಕು ಇಲ್ಲಿಯ ಯಂತ್ರದಲ್ಲಿ ಓಡದು. 4ಕೆ ಡಿಸ್ಕುಗಳಿಗೆ ಈ ಬೀಗವಿಲ್ಲ. ಯಾರು ಓದಬಹುದೆಂಬುದನ್ನು ಭೂಪಟ ನೋಡಿ ನಿರ್ಧರಿಸಿದ ಪುಸ್ತಕವನ್ನು ನಾವು ಕಲ್ಪಿಸಿಕೊಳ್ಳಲಾರೆವು.

ಮಕ್ಕಳ ಚಿತ್ರವೊಂದಕ್ಕೆ ಇಷ್ಟೊಂದು ಪಾಠಶೋಧನೆ ಏಕೆ ಎಂಬ ಪ್ರಶ್ನೆ ಸಹಜ. ಮಕ್ಕಳ ಚಿತ್ರವಾದ್ದರಿಂದಲೇ ಬೇಕು ಎಂಬುದು ನನ್ನ ಉತ್ತರ. ದೊಡ್ಡವರು ಒಂದು ಚಿತ್ರವನ್ನು ಒಂದೆರಡು ಬಾರಿ ನೋಡುತ್ತಾರೆ. ಮಗು ಗೃಹಮುದ್ರಿಕೆಯನ್ನು ಪಾರಾಯಣ ಮಾಡುತ್ತದೆ. ಇಷ್ಟವಾದ ಜಾಗಕ್ಕೆ ಹಿಂದಿರುಗುತ್ತದೆ, ನಿಲ್ಲಿಸುತ್ತದೆ, ಮುಂದಿನ ಸದ್ದನ್ನು ತಾನೇ ಮೊದಲು ಹೊರಡಿಸುತ್ತದೆ. ತನ್ನ ಗೂಡಿನಲ್ಲಿ ಕುಳಿತ ವಾಲ್-ಈ ಮಾಡುವುದೂ ಇದನ್ನೇ. ಇಷ್ಟು ಸಲ ಓದಿಸಿಕೊಳ್ಳುವ ಪಾಠ ಶುದ್ಧವಾಗಿರಬೇಡವೇ? ಇದೇ ನೆಲೆಯಿಂದ ಕನ್ನಡ ಚಿತ್ರಗಳ ಗೃಹಮುದ್ರಿಕೆಗಳನ್ನು ನೆನೆದರೆ ಸಂಕಟವಾಗುತ್ತದೆ. ಸಾಮಾನ್ಯ ದೂರದರ್ಶನಕ್ಕಿಂತಲೂ ಕಡಿಮೆ ಸ್ಫುಟತೆಯ ವಿಸಿಡಿಗಳಲ್ಲಿ ಎರಡು ಮೂರು ತುಂಡಾಗಿ, ಮೂಲೆಯಲ್ಲಿ ಮಾರಾಟಗಾರನ ಲಾಂಛನವನ್ನು ಹೊತ್ತು, ಕೆಲವೊಮ್ಮೆ ಹಾಡುಗಳನ್ನೂ ಕಳೆದುಕೊಂಡು ಬಂದ ಪ್ರತಿಗಳೇ ಎಷ್ಟೋ ಚಿತ್ರಗಳಿಗೆ ನಮ್ಮ ಕೈಗೆಟುಕುವ ಏಕೈಕ ಮಾತೃಕೆಗಳು. 1934ರ ‘ಸತಿ ಸುಲೋಚನಾ’ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ. ಅದರ ಪ್ರತಿ ಉಳಿದಿಲ್ಲ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿತವಾದದ್ದು ಸಂತೋಷದ ಸಂಗತಿ. ಆದರೆ ಒಂದು ಕೃತಿಯ ಜೀರ್ಣೋದ್ಧಾರದಿಂದ ಒಂದು ಪರಂಪರೆಯ ಭಂಡಾರ ತುಂಬದು.

ಎಲ್ಲವೂ ಈಗ ಅಂತರಜಾಲದಲ್ಲಿ ಸಿಗುವಾಗ ಡಿಸ್ಕಿನ ಗೊಡವೆ ಏಕೆಂದು ಕೇಳುವ ಸಹೋದ್ಯೋಗಿಗಳಿದ್ದಾರೆ. ಅವರ ಗಮನಕ್ಕೆ ಒಂದು ಪ್ರಸಂಗವನ್ನು ತರುತ್ತೇನೆ. ಚಂದ್ರನ ಮೇಲೆ ನಡೆಯುವ ‘ಕ್ರೇಟರ್’ ಎಂಬ ಕೌಟುಂಬಿಕ ವ್ಯೋಮಸಾಹಸ ಚಿತ್ರ 2023ರ ಮೇ ತಿಂಗಳಲ್ಲಿ ಡಿಸ್ನಿ ಸಂಸ್ಥೆಯ ಅಂತರಜಾಲ ಸೇವೆಯಲ್ಲಿ ಬಿಡುಗಡೆಯಾಯಿತು. ಅದು ಅನಿಮೇಷನ್ ಅಲ್ಲ; ಆದರೆ ಉದ್ದೇಶಿತ ಪ್ರೇಕ್ಷಕರು ಇವರೇ. ಏಳು ವಾರಗಳಲ್ಲಿ ಅದನ್ನು ಆ ಸೇವೆಯಿಂದ ತೆಗೆದುಹಾಕಲಾಯಿತು. ಕೆಲವು ತಿಂಗಳುಗಳ ಬಳಿಕ ಡಿಜಿಟಲ್ ಖರೀದಿಯ ರೂಪದಲ್ಲಿ ಅದು ಮರಳಿತೆಂಬುದು ನಿಜ. ನಡುವಿನ ಅವಧಿಯಲ್ಲಿ ಅದನ್ನು ಕುರಿತು ಬರೆಯಹೊರಟ ಸಂಶೋಧಕ ಏನು ಮಾಡಬೇಕಿತ್ತು? ಡಿಸ್ಕು ಕಪಾಟಿನಲ್ಲಿದ್ದಿದ್ದರೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಪ್ರಸಾರದ ಪ್ರತಿಯಲ್ಲಿ ಪಾಠ ಯಾವಾಗ ಬದಲಾಯಿತು, ಏನು ಬದಲಾಯಿತು ಎಂಬುದಕ್ಕೂ ನೋಡುಗನ ಕೈಯಲ್ಲಿ ಪುರಾವೆ ಉಳಿಯುವುದಿಲ್ಲ. ನಮ್ಮ ವಿಭಾಗಗಳ ಗ್ರಂಥಾಲಯಗಳು ಹಸ್ತಪ್ರತಿಗಳಿಗೆ ಕೊಟ್ಟ ಕಪಾಟುಗಳಲ್ಲಿ ಒಂದನ್ನಾದರೂ ಡಿಸ್ಕುಗಳಿಗೆ ಕೊಡಬಾರದೇ? ಆಕರಸೂಚಿಯಲ್ಲಿ ಚಿತ್ರದ ಹೆಸರಿನ ಮುಂದೆ ಪ್ರಕಾಶಕ, ಪ್ರಕಟಣೆಯ ವರ್ಷ, ಮಾಧ್ಯಮ, ಅವಧಿ ಎಂಬ ನಾಲ್ಕು ವಿವರಗಳನ್ನು ಕೇಳುವುದಕ್ಕೆ ಮಾರ್ಗದರ್ಶಕರಿಗೆ ಯಾವ ಆದೇಶವೂ ಬೇಕಾಗಿಲ್ಲ.

ಡಿಸ್ಕಿಗೂ ಪ್ರಸಾರಕ್ಕೂ ಇರುವ ಇನ್ನೊಂದು ವ್ಯತ್ಯಾಸವನ್ನು ‘ವ���ಲ್-ಈ’ಯೇ ತೋರಿಸಿಕೊಡುತ್ತದೆ. ಈ ಚಿತ್ರದ ಕಥೆ ಮುಗಿದ ಮೇಲೆ ತಂತ್ರಜ್ಞರ ಹೆಸರುಗಳು ಬರುವಾಗ ಪರದೆಯ ಮೇಲೆ ಇನ್ನೊಂದು ಕಥೆ ನಡೆಯುತ್ತದೆ. ಭೂಮಿಗೆ ಮರಳಿದ ಮನುಷ್ಯರು ಯಂತ್ರಗಳ ಜೊತೆಗೂಡಿ ಬೆಂಕಿ, ಬೇಸಾಯ, ಬಾವಿ, ಕಟ್ಟಡಗಳನ್ನು ಮತ್ತೆ ಕಲಿಯುತ್ತಾರೆ. ಅದನ್ನು ತೋರಿಸುವ ಚಿತ್ರಶೈಲಿ ಗುಹಾಚಿತ್ರದಿಂದ ತೊಡಗಿ ಈಜಿಪ್ಟಿನ ಗೋಡೆಚಿತ್ರ, ಗ್ರೀಕರ ಶೈಲಿ, ಬಣ್ಣದ ಹರಳುಗಳ ಜೋಡಣೆ, ಬಿಂದುಚಿತ್ರ ಇವುಗಳ ಮೂಲಕ ವ್ಯಾನ್ ಗೋನ ಕುಂಚದವರೆಗೆ ಬರುತ್ತದೆ. ಅನಂತರ ಹಳೆಯ ವಿಡಿಯೋ ಆಟಗಳ ದಪ್ಪ ಚುಕ್ಕೆಗಳಲ್ಲಿ ಇಡೀ ಕಥೆ ಇನ್ನೊಮ್ಮೆ ಓಡುತ್ತದೆ. ಮರಳಿದವರು ಬದುಕಿದರೇ ಎಂಬ ಪ್ರಶ್ನೆಗೆ ಉತ್ತರವಿರುವುದು ಇಲ್ಲಿ ಮಾತ್ರ. ಹಸ್ತಪ್ರತಿಯ ಪುಷ್ಪಿಕೆಯನ್ನು ಹಿಂದಿನ ಕೆಲವು ಮುದ್ರಕರು ಬಿಟ್ಟುಬಿಡುತ್ತಿದ್ದರು. ಅದರೊಂದಿಗೆ ಕಾಲ, ಸ್ಥಳ, ಬರೆಸಿದವರ ಹೆಸರು ಎಲ್ಲವೂ ಹೋಗುತ್ತಿದ್ದವು. ಪ್ರಸಾರದ ಸೇವೆಗಳು ಹೆಸರುಪಟ್ಟಿ ತೊಡಗುತ್ತಿದ್ದಂತೆ ಚಿತ್ರವನ್ನು ಮೂಲೆಗೆ ಕುಗ್ಗಿಸಿ ಮುಂದಿನ ಚಿತ್ರವನ್ನು ನೋಡೆಂದು ಒತ್ತಾಯಿಸುವುದು ಸಾಮಾನ್ಯ. ಡಿಸ್ಕಿನಲ್ಲಿ ಗುಹಾಚಿತ್ರದ ಮನುಷ್ಯ ಬೆಂಕಿ ಹೊತ್ತಿಸುವವರೆಗೆ ಮಾತ್ರವಲ್ಲ, ಕೊನೆಯ ಹೆಸರು ಮೇಲಕ್ಕೆ ಸರಿದು ಪರದೆ ಕಪ್ಪಾಗುವವರೆಗೂ ಯಾರೂ ನಮ್ಮನ್ನು ಎಬ್ಬಿಸುವುದಿಲ್ಲ.